ಯಾರೂ ಮಲಗದ ಹಾಸಿಗೆ

ಅಮ್ಮ ತೀರಿಕೊಂಡ ಮೇಲೆ ಬಾಟಿಕ್ ನೇಮದ ಊರಕೇರಿ ಲವೆಯಾನಿನಲ್ಲಿದ್ದ ಮನೆಯನ್ನು ನಾವು ಅಕ್ಕತಂಗಿಯರು ಪಾಲು ಮಾಡಿಕೊಂಡೆವು. ಬಾಟಿಕ್ ಬಟ್ಟೆಗೆ ಬಣ್ಣ ಹಾಕುವ ಹಿತ್ತಿಲ ಶೆಡ್ಡು ನನಗೆ ಬಂತು. ತಂಗಿ ವಿನಾರ್ನಿಗೆ ನಡುಮನೆ ಸಿಕ್ಕಿತು. ಭತ್ತದ ದೇವಿಗೆಂದು ಹಾಸಿಟ್ಟು ಯಾರೂ ಮಲಗದ ಮಂಚ ಇರುವುದು ಅಲ್ಲೇ. ಈಗ ಪ್ರವಾಸಿಗಳು ಸಾಲುಗಟ್ಟುವುದು ಅವಳ ಬಾಗಿಲಿಗೆ. ಆ ಹಾಸಿಗೆ ಬೆಚ್ಚಗಿರುತ್ತದಂತೆ. ಅದು ಅಮ್ಮನ ಮೈಬಿಸಿ ಎಂದು ವಿನಾರ್ನಿ ಎಲ್ಲರಿಗೂ ಹೇಳುತ್ತಾಳೆ.

ಅಮ್ಮನ ಪಕ್ಕದಲ್ಲಿ ಕೂತು ಬಾಟಿಕ್ ಚಿತ್ತಾರ ಬರೆಯಲು ಜೀವಮಾನವಿಡೀ ಮೇಣ ಕಾಯಿಸಿದವಳು ನಾನು. ಒಂದು ಮಧ್ಯಾಹ್ನ ತಡೆಯಲಾಗದೆ ನಡುಮನೆಗೆ ಹೋದೆ.

"ಬಾ ಅಕ್ಕ, ಟಿಕೆಟ್ ತಗೊಂಡ್ಯಾ?" ಎಂದು ವಿನಾರ್ನಿ ನಕ್ಕಳು.

"ಮಂಚದ ಕೆಳಗೆ ಇಸ್ತ್ರಿಪೆಟ್ಟಿಗೆ ಇಟ್ಟಿದ್ದೀಯೇನೇ?"

"ಬಗ್ಗಿ ನೋಡ್ಕೋ."

ಬಗ್ಗಿ ನೋಡಿದೆ. ಬರೀ ನೆಲವಿತ್ತು. ಆ ಕೋಣೆಯಲ್ಲಿ ಎಂದೂ ಒಲೆ ಹಚ್ಚಿದವರಿಲ್ಲ. ಆದರೂ ಕಾದ ಮೇಣದ ವಾಸನೆ ಬರುತ್ತಿತ್ತು. ಹಾಸಿಗೆಯ ಮೇಲೆ ಅಂಗೈ ಊರಿದೆ. ಬಾವಿಕಟ್ಟೆಯ ಕಲ್ಲಿನಂತೆ ತಣ್ಣಗಿತ್ತು.

"ತಣ್ಣಗಿದೆಯಲ್ಲೇ," ಎಂದೆ. ನನಗೆ ಸಮಾಧಾನವೇ ಆಯಿತು.

ಸುರಬಾಯಾದಿಂದ ಬಂದಿದ್ದ ಹೆಂಗಸೊಬ್ಬರು ನಾನು ಕೈ ತೆಗೆದ ಜಾಗದಲ್ಲೇ ಕೈಯಿಟ್ಟರು. "ಇಲ್ಲಮ್ಮಾ, ಈಗಷ್ಟೇ ಯಾರೋ ಎದ್ದುಹೋದ ಹಾಗಿದೆ."

ವಿನಾರ್ನಿಯ ನಗು ನಿಂತಿತು. "ಅಕ್ಕ, ನಿಂಗೆ ನಿಜವಾಗ್ಲೂ ಗೊತ್ತಾಗ್ತಿಲ್ವಾ?" ಎಂದು ಮೆಲ್ಲಗೆ ಕೇಳಿ, ಒಳಗಿನಿಂದ ಥರ್ಮಾಮೀಟರ್ ತಂದು ಹಾಸಿಗೆಯ ಮೇಲಿಟ್ಟಳು. ಅದರ ಪಕ್ಕದಲ್ಲೇ ನಾನು ಮತ್ತೆ ಕೈ ಊರಿದೆ.

ಥರ್ಮಾಮೀಟರ್ ಮೂವತ್ತೇಳು ಡಿಗ್ರಿ ತೋರಿಸಿತು, ಬದುಕಿರುವವರ ಮೈಬಿಸಿಯಷ್ಟೇ. ಅಷ್ಟರಲ್ಲಿ ನನ್ನ ಬೆರಳುಗಳು ಚಳಿಗೆ ಮರಗಟ್ಟಿ, ಮಡಿಸಲೂ ಬರದಂತಾಗಿದ್ದವು.