ಉಸ್ತಾದನ ನೋಟ

ಊಟ ಮುಗಿದ ಹೊತ್ತು. ಸಂಗಮ ನಿಲ್ದಾಣದ ಮೂರನೆಯ ಮಹಡಿಯ ಉದ್ದನೆಯ ಕೋಣೆಯಲ್ಲಿ ಕಾವಲು ಸಿಬ್ಬಂದಿಯೆಲ್ಲ ಸಾಲಾಗಿ ಚಾಪೆ ಹಾಸಿಕೊಂಡು ಮಲಗಿದ್ದರು. ಸಂಬಳ ಕೊಟ್ಟು ಮಲಗಿಸುವ ನೌಕರಿ ಎಂದು ಕೆಳಗಿನ ಚಹಾದಂಗಡಿಯವರು ನಗುತ್ತಿದ್ದರು. ನಗಲಿ ಬಿಡಿ. ಪ್ರತಿಯೊಬ್ಬರ ಹಣೆಗೂ ಮೆತ್ತನೆಯ ಒಂದು ಪಟ್ಟಿ ಸುತ್ತಿತ್ತು. ಕಣ್ಣು ಮುಚ್ಚಿತ್ತು, ಆದರೆ ರೆಪ್ಪೆಯ ಕೆಳಗೆ ಗುಡ್ಡೆಗಳು ಎಡಕ್ಕೆ ಸರಿದು, ತುಸು ಕೆಳಗಿಳಿದು, ಮತ್ತೆ ಬಲಕ್ಕೆ ಹೊರಳುತ್ತಿದ್ದವು. ಸೋಜಿಗವೆಂದರೆ ಎಲ್ಲರ ಗುಡ್ಡೆಗಳೂ ಒಟ್ಟಿಗೇ ಹೊರಳುತ್ತಿದ್ದವು. ಜೋಳದ ಹೊಲದ ಮೇಲೆ ಗಾಳಿ ಹಾದಾಗ ಗರಿಗಳೆಲ್ಲ ಒಂದೇ ದಿಕ್ಕಿಗೆ ಬಾಗುತ್ತವಲ್ಲ, ಹಾಗೆ.

ಅವರೆಲ್ಲ ಒಂದೇ ಕನಸು ಕಾಣುತ್ತಿದ್ದರು. ಕನಸಿನಲ್ಲಿ ಇದೇ ನಿಲ್ದಾಣ, ಇದೇ ಜನ. ರೈಲು ಇಳಿದವರು ಬಸ್ಸಿನ ಕಡೆಗೆ, ಬಸ್ಸು ಇಳಿದವರು ರೈಲಿನ ಕಡೆಗೆ ಹೊಳೆಯಂತೆ ಹರಿಯುತ್ತಿದ್ದಾರೆ, ಸದ್ದಿಲ್ಲ. ಆ ಹೊಳೆಯ ಮೇಲೆ ಒಂದು ನೋಟ ಹಕ್ಕಿಯಂತೆ ತೇಲುತ್ತದೆ. ಎಲ್ಲೂ ಅವಸರವಿಲ್ಲ. ಒಬ್ಬನ ಕೈಚೀಲದ ಮೇಲೆ ಕ್ಷಣ ಕೂರುತ್ತದೆ, ಅಲ್ಲಿಂದ ಎದ್ದು ದಾರಿ ತಪ್ಪಿದ ಮುದುಕಿಯ ಮುಖದ ಮೇಲೆ, ಮತ್ತೆ ಸುಮ್ಮನೆ ಮುಂದಕ್ಕೆ.

ಆ ನೋಟ ದಾವಲಸಾಬ ನದಾಫರದು. ಹುಬ್ಬಳ್ಳಿ ಧಾರವಾಡಗಳ ನಡುವೆ ಈ ನಿಲ್ದಾಣ ಎದ್ದಂದಿನಿಂದ ಅವರು ಕ್ಯಾಮೆರಾ ಕೋಣೆಯಲ್ಲಿ ಕೂತವರು. ಪರದೆಯೆದುರು ಸ್ವಲ್ಪ ಹೊತ್ತು ಕೂತರೆ ಸಾಕು, ಸಾಮಾನ್ಯ ಮನುಷ್ಯನ ಕಣ್ಣು ತೆರೆದೇ ಇರುತ್ತದೆ, ನೋಡುವುದು ಮಾತ್ರ ನಿಂತುಹೋಗುತ್ತದೆ. ದಾವಲಸಾಬರ ಕಣ್ಣು ದಣಿಯುತ್ತಿರಲಿಲ್ಲ. ಜೇಬುಗಳ್ಳ ಕೈ ಎತ್ತುವ ಮುಂಚೆಯೇ ಅವರಿಗೆ ಗೊತ್ತಾಗುತ್ತಿತ್ತು. ಹೇಗೆ ಎಂದು ಕೇಳಿದರೆ, "ಹೆಂಗ್ ಹೇಳಬೇಕ್ರಿ, ಕಾಣತದ" ಎನ್ನುತ್ತಿದ್ದರು. ಎಲ್ಲರೂ ಅವರನ್ನು ಉಸ್ತಾದ ಎಂದೇ ಕರೆಯುತ್ತಿದ್ದರು.

ಹೇಳಲಾಗದ ಈ ವಿದ್ಯೆಯನ್ನು ಕಲಿಸುವ ದಾರಿ ಕಂಡುಹಿಡಿದವರು ಡಾ. ವಿಜಯಮಾಲಾ ಕಮ್ಮಾರ. ನಮ್ಮ ಕಣ್ಣು ನಾವು ತಿಳಿದಂತೆ ಜಾರುತ್ತ ನೋಡುವುದಿಲ್ಲ, ಕುಪ್ಪಳಿಸುತ್ತ ನೋಡುತ್ತದೆ. ಒಂದು ಕಡೆ ತಂಗಿ, ಜಿಗಿದು, ಇನ್ನೊಂದು ಕಡೆ ತಂಗುತ್ತದೆ. ಎಲ್ಲಿ ತಂಗಬೇಕು, ಎಲ್ಲಿಂದ ಬೇಗ ಏಳಬೇಕು ಎನ್ನುವುದರಲ್ಲೇ ಪಳಗಿದವರ ಗುಟ್ಟೆಲ್ಲ ಇದೆ. ವಿಜಯಮಾಲಾ ಉಸ್ತಾದರ ಹಣೆಗೆ ಪಟ್ಟಿ ಕಟ್ಟಿ, ವರುಷವಿಡೀ ಆ ಜಿಗಿತಗಳನ್ನು ದಾಖಲು ಮಾಡಿಕೊಂಡರು. ಆಮೇಲೆ ಅದನ್ನೇ ಹೊಸಬರ ಮಧ್ಯಾಹ್ನದ ಜೊಂಪಿನಲ್ಲಿ, ನಿದ್ದೆಗೂ ಎಚ್ಚರಕ್ಕೂ ನಡುವಿನ ತೆಳುವಾದ ಹೊತ್ತಿನಲ್ಲಿ, ಅವರ ಕಣ್ಣುಗಳಿಗೆ ಉಣಿಸಿದರು. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಕಾವಲಿನವರೆಲ್ಲರೂ ಉಸ್ತಾದರಂತೆ ನೋಡತೊಡಗಿದರು. ಹಣೆಯ ಆ ಪಟ್ಟಿಗೆ ಕಾವಲಿನವರಿಟ್ಟ ಹೆಸರು ರುಮಾಲು. ಡಾಕ್ಟರನ್ನು ಅವರು, ಶಾಲೆಯಲ್ಲಿ ಪಾಠ ಹೇಳುವ ಹೆಂಗಸರನ್ನು ಕರೆದಂತೆ, ಅಕ್ಕಾರ ಎನ್ನುತ್ತಿದ್ದರು.

"ಅಕ್ಕಾರ, ರುಮಾಲಿಂದ ಒಂದ ತ್ರಾಸ ಆಗೇತಿ ನೋಡ್ರಿ" ಎಂದಿದ್ದಳು ಒಮ್ಮೆ ರೇಣುಕಾ ಬಾರಕೇರ, ಆ ತಂಡದಲ್ಲಿ ಎಲ್ಲರಿಗಿಂತ ಬಾಯಿ ಜೋರಿನವಳು. "ಮನ್ಯಾಗ ನನ್ನ ಗಂಡ ಸುಳ್ಳ ಹೇಳೂಕಿಂತ ಮೊದಲ ಗೊತ್ತಾಗಿಬಿಡತೈತಿ. ಜಗಳಾ ಆಡಾಕ ರುಚಿನ ಇಲ್ಲ."

ಇಷ್ಟೆಲ್ಲ ಸುಖವಾಗಿ ನಡೆದಿದ್ದಾಗಲೇ ಆ ಮಧ್ಯಾಹ್ನ ಬಂದದ್ದು.

ಗದಗಿನಿಂದ ಬಂದಿದ್ದ ಐಶ್ವರ್ಯ ಎಂಬ ಹೆಂಗಸು ಗಿರ್ಮಿಟ್ ಅಂಗಡಿಯ ಪಕ್ಕದಲ್ಲಿ ತನ್ನ ಮೂರು ವರ್ಷದ ಮಗಳು ಪಾರೂಳನ್ನು ಚೀಲದ ಮೇಲೆ ಮಲಗಿಸಿದ್ದಳು. ಕೂಸು ಗಾಢ ನಿದ್ದೆಯಲ್ಲಿತ್ತು. ತಟ್ಟೆ ತೆಗೆದುಕೊಳ್ಳಲು ಅಂಗಡಿಯ ಕಡೆ ತಿರುಗಿದಳು. ಈ ಕಡೆ ತಿರುಗಿದಾಗ ಚೀಲವಿತ್ತು, ಕೂಸು ಇರಲಿಲ್ಲ.

ಕ್ಯಾಮೆರಾ ಕೋಣೆಯಲ್ಲಿ ಆ ಹೊತ್ತಿನ ದೃಶ್ಯಗಳನ್ನೆಲ್ಲ ಹಿಂದಕ್ಕೆ ತಿರುಗಿಸಿ ನೋಡಿದರು. ಅಂಗಡಿಯ ಮುಂದೆ ಒಂದು ದೊಡ್ಡ ಗುಂಪು ಹಾದು ಹೋಗಿತ್ತು, ಗುಂಪು ಸರಿದ ಮೇಲೆ ಚೀಲ ಬರಿದಾಗಿತ್ತು. ಆಮೇಲೆ ಯಾವ ಬಾಗಿಲಲ್ಲೂ ಒಂಟಿ ಕೂಸು ಇಲ್ಲ, ಅಳುವ ಕೂಸು ಇಲ್ಲ, ಕೊಸರಾಡುವ ಕೂಸು ಇಲ್ಲ. ಕೂಸನ್ನು ಎತ್ತಿಕೊಂಡವರು ಬೇಕಾದಷ್ಟು ಜನ, ಅವರೆಲ್ಲ ತಮ್ಮ ತಮ್ಮ ಕೂಸುಗಳನ್ನೇ ಎತ್ತಿಕೊಂಡವರು. ಐಶ್ವರ್ಯ ಬಾಗಿಲಲ್ಲಿ ನಿಂತು, "ನನಗೊಮ್ಮೆ ತೋರಸ್ರೀ, ನಾ ಗುರ್ತ ಹಿಡೀತೀನಿ" ಎನ್ನುತ್ತಿದ್ದಳು. ಹೊರಗಿನವರಿಗೆ ಪರದೆ ತೋರಿಸಬಾರದೆಂಬ ನಿಯಮವಿತ್ತು. ಭದ್ರತೆಯ ಮುಖ್ಯಸ್ಥ ಪ್ರಭುಲಿಂಗ ಸವಡಿಯವರು, "ತಂಗೀ, ಇವರಿಗಿಂತ ಚಲೋ ನೋಡವರು ಯಾರೂ ಇಲ್ಲವ್ವಾ" ಎಂದು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿದರು. ಅದು ನಿಜವೂ ಆಗಿತ್ತು.

ವಿಜಯಮಾಲಾ ಓಡಿ ಬಂದರು. ಅವರಿಗೆ ಕೂಸನ್ನು ಹುಡುಕುವ ಅಭ್ಯಾಸವಿಲ್ಲ, ರುಮಾಲನ್ನು ಅವರು ತಮಗೆ ಕಟ್ಟಿಕೊಂಡವರೂ ಅಲ್ಲ. ಗೊತ್ತಿದ್ದ ಒಂದು ಕೆಲಸವನ್ನೇ ಮಾಡಿದರು. ಕೆಲಸದ ಹೊತ್ತಿನಲ್ಲೂ ಹಣೆಗಿರುತ್ತಿದ್ದ ರುಮಾಲು ಹಿಡಿದಿಟ್ಟ ಲೆಕ್ಕದಿಂದ, ದೃಶ್ಯದ ಮೇಲೆ ಕಾವಲಿನವರ ಕಣ್ಣುಗಳು ಎಲ್ಲೆಲ್ಲಿ ತಂಗಿದ್ದವೋ ಅಲ್ಲೆಲ್ಲ ಒಂದೊಂದು ಬೆಳಕಿನ ಚುಕ್ಕೆ ಮೂಡುವಂತೆ ಮಾಡಿದರು. ಪರದೆ ಒಮ್ಮೆಲೇ ಮಿಂಚುಹುಳ ತುಂಬಿದ ಮರದಂತಾಯಿತು. ಚುಕ್ಕೆಗಳು ಜನರ ಮೇಲೆ ಕೂತು ಏಳುತ್ತ, ಪ್ಲಾಟ್‌ಫಾರ್ಮಿನ ಉದ್ದಕ್ಕೂ ತೇಲಿದವು. ನೋಡುತ್ತ ನಿಂತವರಿಗೆ ಒಂದು ಗಳಿಗೆ ಎಲ್ಲಿದ್ದೇವೆಂಬುದೇ ಮರೆತುಹೋಯಿತು.

ವಿಜಯಮಾಲಾ ಮಾತ್ರ ಕತ್ತಲನ್ನು ನೋಡಿದರು. ಕಂಬದ ಪಕ್ಕದ ಒಂದು ಬೆಂಚಿನ ಹತ್ತಿರ ಬಂದ ಚುಕ್ಕೆಗಳೆಲ್ಲ ಎರಡಾಗಿ ಒಡೆದು, ಬಂಡೆಯ ಸುತ್ತ ನೀರು ಸರಿದಂತೆ ಸರಿದು, ಆಚೆ ಕೂಡಿಕೊಳ್ಳುತ್ತಿದ್ದವು. ಒಂದೂ ಒಳಗೆ ಹೋಗಿರಲಿಲ್ಲ.

"ರೇಣುಕಾ, ಅಲ್ಲೇನದ?"

"ಎಲ್ಲಿ? ಅಲ್ಲೇನಿಲ್ರಿ ಅಕ್ಕಾರ. ಕಂಬ ಐತಿ. ಕಂಬದ ಬಾಜೂಕ ಕಸದ ಬುಟ್ಟಿ ಐತಿ."

"ಬೆಂಚಿನ ಮ್ಯಾಲೆ?"

ಬಾಯಿ ಜೋರಿನವಳ ದನಿ ಇಳಿಯಿತು. "ಅದೇನ್ ನೋಡೂದ್ರಿ. ಹೆಣಮಗಳು ಕೂಸಿಗೆ ಹಾಲ ಕುಡಸಾಕತ್ತಾಳ."

"ಕೂಸು ಎಷ್ಟ ದೊಡ್ಡದು?"

ಹೇಳಲು ಯಾರಿಗೂ ಆಗಲಿಲ್ಲ. ನೋಡಿರೆಂದರೆ ಕುತ್ತಿಗೆ ಆ ಕಡೆ ತಿರುಗುತ್ತಿತ್ತು, ಕಣ್ಣು ಜಾರಿ ಕಂಬಕ್ಕೆ ಹೋಗುತ್ತಿತ್ತು. ಎಲ್ಲರದೂ. ದೃಶ್ಯದಲ್ಲಿರುವವರನ್ನು ಗುರುತಿಸುವ ಯಂತ್ರದ ಲೆಕ್ಕದಲ್ಲಂತೂ ಅದು ತಾಯಿ ಮತ್ತು ಮೊಲೆಗೂಸು, ಅಷ್ಟೇ.

ವಿಜಯಮಾಲಾ ತಿರುಗಿ, "ನಿಯಮ ಆಮ್ಯಾಲೆ ನೋಡೋಣ, ಆಕಿನ್ನ ಒಳಗ ಕರೀರಿ" ಎಂದರು.

ಐಶ್ವರ್ಯ ಬಂದು ಪರದೆಯ ಮುಂದೆ ನಿಂತಳು. ಬೆಂಚಿನ ಮೇಲಿನ ಹೆಂಗಸು ಸೆರಗನ್ನು ತಲೆಯಿಂದ ಮೊಣಕಾಲಿನವರೆಗೆ ಹೊದ್ದು, ಬಾಗಿ ಕೂತಿದ್ದಳು. ಸೆರಗಿನ ಅಂಚಿನ ಕೆಳಗೆ ಒಂದು ಕಾಲು, ಮೊಲೆಯುಣ್ಣುವ ಕೂಸಿಗೆ ಹೇಗೂ ಹೊಂದದಷ್ಟು ಉದ್ದದ ಕಾಲು, ಇಷ್ಟೇ ಇಷ್ಟು ಹೊರಗೆ ಬಂದಿತ್ತು.

"ನಮ್ಮ ಪಾರೂ" ಎಂದಳು ಐಶ್ವರ್ಯ. ಕೂಗಲಿಲ್ಲ. "ಆ ಕಾಲಚೀಲ ನಾ ತೊಡಿಸೇನಿ."

ಆಮೇಲಿನದೆಲ್ಲ ಬೇಗ ನಡೆಯಿತು. ಆ ಹೆಂಗಸು ಹತ್ತಿದ್ದು ಬೆಳಗಾವಿಯ ಕಡೆ ಹೋಗುವ ರೈಲು. ಅಳ್ನಾವರದಲ್ಲಿ ಪೊಲೀಸರು ಆಕೆಯನ್ನು ಇಳಿಸಿಕೊಂಡರು. ಆಕೆ ಯಾಕೆ ಒಯ್ದಳು ಎನ್ನುವುದು ಅವರು ಬಿಡಿಸಬೇಕಾದ ಗಂಟು. ಸೆರಗು ಹೊದ್ದು ಕೂತವಳನ್ನು ನಮ್ಮ ಕಡೆ ಯಾರೂ ದಿಟ್ಟಿಸುವುದಿಲ್ಲ ಎನ್ನುವುದಂತೂ ಆಕೆಗೆ ಯಾರೂ ಕಲಿಸಬೇಕಾದ ಸಂಗತಿಯಲ್ಲ. ಪಾರೂ ತಾಯಿಯ ತೊಡೆಯ ಮೇಲೆ ಎಚ್ಚರಗೊಂಡು ಮೊದಲು ಕೇಳಿದ್ದು ಗಿರ್ಮಿಟ್ ಎಲ್ಲಿ ಎಂದು.

ಮರುದಿನ ಸವಡಿಯವರು ಚಹಾ ತರಿಸಿ, ಕುಡಿಯದೆ ಇಟ್ಟರು. "ಅಕ್ಕಾರ, ಕನಸಿನಾಗ ಕಣ್ಣು ಸರಿಯೂ ಆ ತುಣುಕು ಕತ್ತರಿಸಿ ತಗೀರಿ. ಕೂಸು ಸಿಕ್ಕಿತು, ದೇವರ ದಯಾ. ಇನ್ನೊಮ್ಮಿ ಸಿಗಲಿಲ್ಲ ಅಂದ್ರ?"

ವಿಜಯಮಾಲಾ ದಾವಲಸಾಬರ ಮನೆಗೆ ಹೋದರು. ನಿವೃತ್ತಿಯ ನಂತರ ಅವರು ಹಿರಿಯರಿಂದ ಬಂದ, ಹತ್ತಿಯ ಗಾದಿ ತುಂಬುವ ಕೆಲಸಕ್ಕೆ ಮರಳಿದ್ದರು. ಪಡಸಾಲೆಯ ತುಂಬ ಹಿಂಜಿದ ಹತ್ತಿ, ಮೋಡ ಮನೆಯೊಳಗೆ ಇಳಿದಂತೆ. ನಡುವೆ ಉಸ್ತಾದ, ಹುಬ್ಬಿನ ಮೇಲೂ ಹತ್ತಿ.

"ಆ ಕಡೆ ಯಾಕ ನೋಡಲಿಲ್ಲ ಅಂತೀರಿ?" ಎಂದರು ಅವರು, ಎಲ್ಲ ಕೇಳಿದ ಮೇಲೆ. "ತಾಯಿ ಕೂಸಿಗೆ ಹಾಲ ಕುಡಸೂಮುಂದ ಆ ಕಡೆ ನೋಡಬಾರದು. ನಾ ನೋಡಲಿಲ್ಲ. ಅದನ್ನೂ ನಿಮ್ಮ ಮಷೀನು ಹಿಡೀತೇನು?"

"ಹಿಡೀತು, ಉಸ್ತಾದ. ಎಲ್ಲಾರಿಗೂ ಕಲಿಸಿಬಿಟ್ಟದ."

"ಅದು ನೌಕರಿದಲ್ರಿ ಅಕ್ಕಾರ. ಅದು ನಾ ಮನಿಯಿಂದ ತಂದದ್ದು." ಇನ್ನೊಂದು ಹಿಡಿ ಹತ್ತಿ ತೆಗೆದು ಹಿಂಜತೊಡಗಿದರು. "ತಗದಬಿಡ್ರಿ. ಕೂಸಿನ ಜೀವದ ಮುಂದ ನನ್ನ ನಾಚಿಕಿ ಏನ್ ದೊಡ್ಡದು."

ತೆಗೆಯುವುದು ಕಷ್ಟವಿರಲಿಲ್ಲ. ಉಸ್ತಾದರ ನೋಟ ಆ ಕಡೆಯಿಂದ ಸರಿಯುತ್ತಿದ್ದ ಜಿಗಿತಗಳನ್ನೆಲ್ಲ ವಿಜಯಮಾಲಾ ಆರಿಸಿ ಅಳಿಸಿದರು. ಕಾವಲಿನವರು ಕೆಲವು ದಿನ ಎಂದಿನಂತೆ ಉಂಡು ಮಲಗಿದರು, ತಿದ್ದಿದ ಕನಸು ಕಂಡು ಎದ್ದರು, ಪರದೆಯ ಮುಂದೆ ಕೂತರು.

ಅದೇ ಬೆಂಚಿಗೆ ಒಬ್ಬ ತಾಯಿ ಬಂದು ಕೂತಳು. ಈ ಸಲ ನಿಜವಾದ ತಾಯಿ, ಬೆರಳೆಣಿಕೆಯ ತಿಂಗಳಿನ ಕೂಸು. ಸೆರಗು ಎಳೆದುಕೊಂಡಳು. ತಡೆ ಇಲ್ಲದ ಮೇಲೆ, ಮರೆಯಾದದ್ದರ ಕಡೆಗೇ ಓಡುವುದು ಪಳಗಿದ ಕಣ್ಣಿನ ಸ್ವಭಾವ. ವಿಜಯಮಾಲಾ ಪರದೆಯ ಮೇಲೆ ಮತ್ತೆ ಮೂಡಿಸಿದ್ದ ಚುಕ್ಕೆಗಳಲ್ಲಿ ಒಂದು ಬಂದು ಆಕೆಯ ಹೆಗಲ ಮೇಲೆ ಕೂತಿತು. ಇನ್ನೊಂದು, ಮತ್ತೊಂದು. ನೋಡನೋಡುತ್ತ ಎಲ್ಲ ಚುಕ್ಕೆಗಳೂ ಬಂದು ಆಕೆಯನ್ನು ಮುತ್ತಿಕೊಂಡವು. ನಿಲ್ದಾಣದ ಉಳಿದ ಭಾಗವೆಲ್ಲ ಕತ್ತಲಾಯಿತು. ಆಕೆ ಬೆಳಕಿನ ನಡುವೆ ಕೂತು, ಏನೂ ಅರಿಯದೆ, ತಲೆ ಬಾಗಿಸಿ ಏನನ್ನೋ ಗುನುಗುತ್ತಿದ್ದಳು.

ಕೋಣೆಯಲ್ಲಿ ಯಾರೋ ಕೆಮ್ಮಿದರು. ರೇಣುಕಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. "ಅಕ್ಕಾರ, ನಾ ನೋಡಾಕತ್ತೇನಿ. ನೋಡಬಾರದಂತ ಗೊತ್ತೈತಿ, ಆದ್ರೂ ನೋಡಾಕತ್ತೇನಿ."

ವಿಜಯಮಾಲಾ ಪರದೆ ಆರಿಸಿದರು. ಹಳೆಯ ಕನಸನ್ನು ಇದ್ದ ಹಾಗೆಯೇ ಮರಳಿ ತಂದರು, ಉಸ್ತಾದರ ನಾಚಿಕೆಯ ಸಮೇತ. ಅದಕ್ಕೆ ಒಂದನ್ನಷ್ಟೇ ಸೇರಿಸಿದರು. ಎಲ್ಲರ ಕಣ್ಣು ಒಟ್ಟಿಗೇ ಎಲ್ಲಿಂದಾದರೂ ಸರಿದರೆ, ಕೋಣೆಯಲ್ಲಿ ಮೆಲ್ಲಗೆ ಒಂದು ಗಂಟೆ ಬಾರಿಸಬೇಕು. ಗಂಟೆ ಬಾರಿಸಿದರೆ, ಹತ್ತಿರದಲ್ಲಿರುವ ಕಾವಲಿನ ಹೆಂಗಸೊಬ್ಬಳು ಎದ್ದು, ಆ ಜಾಗಕ್ಕೆ ನಡೆದು ಹೋಗಬೇಕು.

ಸವಡಿಯವರಿಗೆ ಸಮಾಧಾನವಾಗಲಿಲ್ಲ. "ನಡಕೊಂಡ ಹೋಗಿ ಮಾತಾಡಿಸೂದಾದ್ರ ಇಷ್ಟೆಲ್ಲಾ ಕ್ಯಾಮೆರಾ ಯಾಕ ಬೇಕಿತ್ರಿ?"

"ಎಲ್ಲಿಗೆ ನಡದ ಹೋಗಬೇಕು ಅಂತ ತಿಳೀಲಿಕ್ಕೆ" ಎಂದರು ವಿಜಯಮಾಲಾ.

ಈಗ ಅಲ್ಲಿ ದಿನಕ್ಕೆ ಹಲವು ಸಲ ಆ ಗಂಟೆ ಬಾರಿಸುತ್ತದೆ. ಮೊದಲ ಸಲ ಬಾರಿಸಿದಾಗ ಎದ್ದವಳು ರೇಣುಕಾ. ನೀರಿನ ಬಾಟಲಿ ಹಿಡಿದು ಮೆಟ್ಟಿಲಿಳಿದು ಹೋಗಿ, ಬೆಂಚಿನ ತುದಿಯಲ್ಲಿ ಕೂತಳು. ಕೂಸಿನ ಅಂಗಾಲು ಮುಟ್ಟಿ, "ಎಷ್ಟ ತಿಂಗಳಾತು, ಯವ್ವಾ?" ಎಂದಳು.

"ಐದರಾಗ ಬಿದ್ದೇತ್ರಿ" ಎಂದಳು ಆ ತಾಯಿ. ಊರು ಯಾವುದು, ತವರು ಯಾವುದು, ರೈಲು ಯಾಕಿಷ್ಟು ತಡ, ಎಲ್ಲ ಮಾತಾಯಿತು. ಕೂಸು ಉಣ್ಣುವ ಸದ್ದು ನಡುನಡುವೆ ಕೇಳುತ್ತಿತ್ತು. ಆ ತಾಯಿ ತಲೆಯೆತ್ತಿ ಕಂಬದ ತುದಿಯನ್ನು ನೋಡಿದಳು. "ಇಲ್ಲಿ ಕ್ಯಾಮೆರಾ ಐತೇನ್ರಿ?"

"ಐತವ್ವಾ."

"ನಮ್ಮನ್ನ ನೋಡಾಕತ್ತಾರೇನ್ರಿ?"

ಹೊಸ ಪ್ರಶ್ನೆಯೇನಲ್ಲ. ಮೊದಲ ಕ್ಯಾಮೆರಾ ಏರಿಸಿದಂದಿನಿಂದ, ಅಂದರೆ ನಮ್ಮ ನಿಮ್ಮ ಈ ಕಾಲದಲ್ಲಿಯೂ, ಬಸ್‌ ನಿಲ್ದಾಣದಲ್ಲಿ, ಆಸ್ಪತ್ರೆಯ ಓಣಿಯಲ್ಲಿ, ಬಟ್ಟೆಯಂಗಡಿಯಲ್ಲಿ ಜನ ತಲೆಯೆತ್ತಿ ಇದನ್ನೇ ಕೇಳುತ್ತಿದ್ದಾರೆ, ಬಾಯಿ ಬಿಡದೆ. ಆ ಗಾಜಿನ ಹಿಂದೆ ಯಾರಿದ್ದಾರೆ, ಅವರಿಗೆ ನೋಡುವುದನ್ನು ಯಾರು ಕಲಿಸಿದರು, ನೋಡದಿರುವುದನ್ನು ಯಾರಾದರೂ ಕಲಿಸಿದರೇ, ಹೇಳುವವರು ಪಕ್ಕದಲ್ಲಿ ಕೂತಿರುವುದಿಲ್ಲ.

ರೇಣುಕಾ ಜಾರುತ್ತಿದ್ದ ಸೆರಗಿನ ತುದಿಯನ್ನು ಕೂಸಿನ ಕಾಲ ಮೇಲೆ ಸರಿಪಡಿಸಿದಳು.

"ಈಗ ನೋಡೂದಿಲ್ಲವ್ವಾ" ಎಂದಳು. "ಅದಕ್ಕ ನಾ ಬಂದೇನಿ."