ಸಿಸ್ಟರ್ ಎಂದು ಕರೆಯದವನು

ಮೊದಲ ದಿನವೇ ಮಲ್ಲೇಶ್ವರಿ ಮೇಷ್ಟರ ತಪ್ಪು ಹಿಡಿದಳು.

ಆದೋನಿ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಮೊಬೈಲ್ ಅಂಗಡಿಯ ಮೇಲಿನ ಎರಡನೇ ಮಹಡಿಯಲ್ಲಿತ್ತು ಮೆಡಿಕಲ್ ಕೋಡಿಂಗ್ ಕಲಿಸುವ ಆ ಕೋಚಿಂಗ್ ಸೆಂಟರ್. ಕಿಟಕಿ ತೆರೆದರೆ ಸಾಕು, ಜಿನ್ನಿಂಗ್ ಮಿಲ್ಲಿನ ಹತ್ತಿಯ ಎಳೆಗಳು ತೇಲಿ ಬಂದು ಕೀಬೋರ್ಡುಗಳ ಮೇಲೆ ಕೂರುತ್ತಿದ್ದವು. ಮೇಷ್ಟರು ಬಾಲರಾಜ್ ಒಬ್ಬ ರೋಗಿಯ ಫೈಲನ್ನು ಪರದೆಯ ಮೇಲೆ ತೋರಿಸಿ, ಇದಕ್ಕೆ ಪಾರ್ಶ್ವವಾಯುವಿನ ಕೋಡ್ ಹಾಕಬೇಕು ಎಂದು ಬೋರ್ಡಿನ ಮೇಲೆ ಬರೆದ.

"ಸಾರ್, ಆ ಸ್ಟ್ರೋಕ್ ಆಗಿ ಎರಡು ವರ್ಷ ಆಗೇತಿ," ಎಂದಳು ಹಿಂದಿನ ಬೆಂಚಿನಿಂದ ಮಲ್ಲೇಶ್ವರಿ. "ಈಗ ಬಂದಿರೋದು ಬರೀ ಚೆಕಪ್‌ಗೆ. ಅದು ಹಳೇ ಕಾಯಿಲೆ, ಕೋಡ್ ಬ್ಯಾರೆ ರೀ."

ಬಾಲರಾಜ್ ತಿರುಗಿ ಫೈಲನ್ನು ಇನ್ನೊಮ್ಮೆ ಓದಿದ. ಅವನ ಕಿವಿಗಳು ನಿಧಾನವಾಗಿ ಕೆಂಪಾದವು. ಬರೆದದ್ದನ್ನು ಅಂಗೈಯಿಂದಲೇ ಒರೆಸಿ, ಎಲ್ಲಿ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿದ. ಮಸ್ಕತ್‌ನಲ್ಲಿ, ಐಸಿಯುನಲ್ಲಿ ಏಳು ವರ್ಷ ನರ್ಸ್ ಆಗಿದ್ದೆ ಎಂದಳು. ಮುಂದಿನ ಬೆಂಚುಗಳ ಹುಡುಗಿಯರೆಲ್ಲ ಹೊರಳಿ ನೋಡಿದರು. ಅಂದಿನಿಂದ ತರಗತಿಗೆ ಅವಳು 'ಸಿಸ್ಟರ್' ಆದಳು.

ಮೂವತ್ತೊಂದರ ವಯಸ್ಸಿನಲ್ಲಿ ಮತ್ತೆ ಬೆಂಚಿನ ಮೇಲೆ ಕೂರುವಂತಾದದ್ದು ಅವಳ ಬೆನ್ನಿನಿಂದ. ಒಬ್ಬ ಭಾರೀ ರೋಗಿಯನ್ನು ಮಗ್ಗುಲು ಬದಲಿಸುವಾಗ ಸೊಂಟದ ಡಿಸ್ಕ್ ಜಾರಿತ್ತು. ಇನ್ನು ಯಾರನ್ನೂ ಎತ್ತುವಂತಿಲ್ಲ ಎಂದರು ಡಾಕ್ಟರು. ಎತ್ತಲಾರದ ನರ್ಸಿಗೆ ವಾರ್ಡಿನಲ್ಲಿ ಜಾಗವಿರಲಿಲ್ಲ. ಆಗ ಅದೇ ಆಸ್ಪತ್ರೆಯ ಕೋಡಿಂಗ್ ವಿಭಾಗದ ಸುಷ್ಮಾ ಮೇಡಂ ಒಂದು ದಾರಿ ತೋರಿಸಿದ್ದರು: ರೋಗ, ಚಿಕಿತ್ಸೆ ಎಲ್ಲವನ್ನೂ ಇನ್ಶೂರೆನ್ಸಿನವರಿಗೆ ತಿಳಿಯುವ ಕೋಡುಗಳಿಗೆ ಇಳಿಸುವ ಕೆಲಸ, ಕೂತು ಮಾಡುವಂಥದ್ದು, ಆದೋನಿಯಲ್ಲಿ ನನಗೆ ಗೊತ್ತಿರುವ ಸೆಂಟರಿದೆ, ಅಲ್ಲಿ ತರಬೇತಿ ಪಡೆದು ಬಾ, ಏಪ್ರಿಲ್‌ನಲ್ಲಿ ಒಂದು ಜಾಗ ಖಾಲಿಯಾಗುತ್ತದೆ. ಆರು ತಿಂಗಳೊಳಗೆ ಮರಳದಿದ್ದರೆ ವೀಸಾ ರದ್ದು. ಜೂನ್ ಇಪ್ಪತ್ತೆರಡು ಕೊನೆಯ ದಿನ.

ಹಾಗೆ ಡಿಸೆಂಬರ್‌ನಲ್ಲಿ ಅವಳು ಪೆದ್ದಹರಿವಾಣಕ್ಕೆ, ಕುರಿ ಸಾಕುವ ಅಪ್ಪ ಭೀಮಲಿಂಗಪ್ಪನ ಮನೆಗೆ ಬಂದಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಆದೋನಿಗೆ. ಯಾವುದಕ್ಕೂ ಇರಲಿ ಎಂದು ಹೈದರಾಬಾದಿಗೆ, ಚೆನ್ನೈಗೆ ಹನ್ನೊಂದು ಅರ್ಜಿ ಹಾಕಿದಳು. ಕೆಲವರು ಕೋಡಿಂಗ್ ಅನುಭವ ಕೇಳಿದರು, ಕೆಲವರು ಹೊಸಬರಿಗೆ ಈ ವಯಸ್ಸು ಜಾಸ್ತಿಯಾಯಿತು ಎಂದರು. ಏಳು ವರ್ಷ ರೋಗಿಗಳ ಉಸಿರು ಎಣಿಸಿದ್ದು ಯಾರ ಲೆಕ್ಕಕ್ಕೂ ಬರಲಿಲ್ಲ.

ಬಾಲರಾಜ್‌ನ ಲೆಕ್ಕಕ್ಕೆ ಬಂದಿತ್ತು. ರೋಗದ ವಿಷಯ ಬಂದಾಗೆಲ್ಲ ಅವನ ಕಣ್ಣು ಹಿಂದಿನ ಬೆಂಚಿಗೆ ಹೋಗುತ್ತಿತ್ತು. ಅವಳು ಹುಬ್ಬು ಗಂಟಿಕ್ಕಿದರೆ ಬರೆಯುವ ಕೈ ನಿಲ್ಲುತ್ತಿತ್ತು. ತಲೆಯಾಡಿಸಿದರೆ ಮುಂದಿನ ಸಾಲಿಗೆ ಹೋಗುತ್ತಿದ್ದ. ಫಾರ್ಮಸಿ ಓದಿದವನು ಅವನು, ಚೆನ್ನೈ ಕಂಪನಿಯೊಂದಕ್ಕೆ ಮನೆಯಿಂದಲೇ ಕೋಡಿಂಗ್ ಮಾಡುತ್ತ, ಬೆಳಗಿನ ಹೊತ್ತು ಪಾಠ ಹೇಳುತ್ತಿದ್ದ. ಇಡೀ ಸೆಂಟರಿಗೆ ಸಿಸ್ಟರ್ ಆದವಳು ಅವನೊಬ್ಬನಿಗೆ ಮಾತ್ರ, ಆ ಊರಿನ ತೆಲುಗು ಮರ್ಯಾದೆಯಲ್ಲಿ, 'ಮಲ್ಲೇಶ್ವರಿಗಾರು'.

ಫೆಬ್ರವರಿಯ ಒಂದು ದಿನ, ಬೇರೆಯವರು ಇಳಿದು ಹೋದ ಮೇಲೆ, ಅವಳು ಕೇಳಿಯೇ ಬಿಟ್ಟಳು.

"ಎಲ್ಲಾರೂ ಸಿಸ್ಟರ್ ಅಂತಾರ. ನೀವು ಯಾಕ ಅನ್ನಂಗಿಲ್ಲ?"

ಅವನು ಕೋಡ್ ಪುಸ್ತಕದ ಹಾಳೆ ಮಡಚಿದ, ಬಿಡಿಸಿದ. "ಅನ್ನಾಕ ಬರವಲ್ದು ರೀ. ಬಾಯಿಗೆ ಬರ್ತೈತಿ, ಹೊರಗ ಬರಂಗಿಲ್ಲ."

ಅವಳು ಚೀಲಕ್ಕೆ ಪುಸ್ತಕ ತುಂಬುತ್ತ ನಗೆ ಬಚ್ಚಿಟ್ಟಳು. ಬಸ್ಸಿನಲ್ಲಿ ಕೂತ ಮೇಲೆ ಬಚ್ಚಿಡಲಾಗಲಿಲ್ಲ. ಪಕ್ಕದ ಮುದುಕಿ ಏನಮ್ಮಾ ಒಬ್ಬಳೇ ನಗುತ್ತೀಯಾ ಎಂದು ತೆಲುಗಿನಲ್ಲಿ ಕೇಳಿದಳು.

ಮಾರ್ಚ್‌ನಲ್ಲಿ ಒಮ್ಮೆ ಮೆಟ್ಟಿಲಿಳಿಯುವಾಗ ಸೊಂಟ ಹಿಡಿದುಕೊಂಡಿತು. ಮಲ್ಲೇಶ್ವರಿ ಗೋಡೆಗೆ ಆತು ನಿಂತಳು, ಮೈಯೆಲ್ಲ ಬೆವರು. ಬಾಲರಾಜ್ ಮೇಲಿನಿಂದ ಬಂದ. ಅಯ್ಯೋ ಅನ್ನಲಿಲ್ಲ, ಕೈ ಚಾಚಲಿಲ್ಲ. ಅವಳಿಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು, ಅಂದಿನ ಪಾಠದಲ್ಲಿ ತಾನು ಎಲ್ಲಿ ತಡವರಿಸಿದೆ ಎಂದು ಹೇಳತೊಡಗಿದ. ಒಂದು ಮಾತು, ಒಂದು ಮೆಟ್ಟಿಲು. ನಾಲ್ಕನೆಯ ಮೆಟ್ಟಿಲಲ್ಲಿ ಅವಳೇ ಅವನ ಭುಜದ ಮೇಲೆ ಕೈಯಿಟ್ಟಳು. ಮಾತು ನಿಂತಿತು. ಉಳಿದ ಮೆಟ್ಟಿಲುಗಳನ್ನು ಇಬ್ಬರೂ ಹಾಗೇ ಇಳಿದರು. ಕೆಳಗೆ ಬಂದ ಮೇಲೂ ಆ ಕೈ ಅಲ್ಲೇ ಸ್ವಲ್ಪ ಹೊತ್ತು ಇತ್ತು.

ಪಾಠದಲ್ಲಿ ಅವಳಿಗಿದ್ದದ್ದು ಒಂದೇ ಕೊರತೆ: ವೇಗ. ಕೋಡಿಂಗ್ ಸರ್ಟಿಫಿಕೇಟಿನ ಪರೀಕ್ಷೆಯಲ್ಲಿ ಪುಸ್ತಕ ನೋಡಬಹುದು, ಆದರೆ ನಾಲ್ಕು ಗಂಟೆಯಲ್ಲಿ ನೂರು ಪ್ರಶ್ನೆ. ಅವಳು ಪ್ರತಿ ಫೈಲನ್ನೂ ಮೊದಲ ಪುಟದಿಂದ ಕೊನೆಯವರೆಗೆ ಓದುತ್ತಿದ್ದಳು. ಬೇಕಾದ್ದು ಮೂರನೇ ಪುಟದಲ್ಲೇ ಸಿಕ್ಕಿದೆಯಲ್ಲ, ಮುಂದೆ ಯಾಕೆ ಓದುತ್ತೀರಿ ಎಂದು ಅವನು ಕೇಳಿದ. ಆ ರೋಗಿ ಬದುಕಿ ಮನೆಗೆ ಹೋದನೋ ಇಲ್ಲವೋ ತಿಳಿಯದೆ ಫೈಲು ಮುಚ್ಚಲು ಮನಸ್ಸು ಬರುವುದಿಲ್ಲ ಎಂದಳು. ಅವನು ಬಹಳ ಹೊತ್ತು ಅವಳನ್ನೇ ನೋಡಿದ. ಆ ನೋಟಕ್ಕೆ ಅವಳು ಪೆನ್ನಿನ ಮುಚ್ಚಳ ಹುಡುಕುವ ನೆಪ ಮಾಡಬೇಕಾಯಿತು.

ಏಪ್ರಿಲ್ ಕೊನೆಗೆ ಮಸ್ಕತ್‌ನಿಂದ ಮೆಸೇಜ್ ಬಂತು. ಆ ಜಾಗಕ್ಕೆ ಬೇರೊಬ್ಬರನ್ನು ತೆಗೆದುಕೊಂಡಿದ್ದೇವೆ, ಬೇಸರ ಮಾಡಿಕೊಳ್ಳಬೇಡ.

ಮಲ್ಲೇಶ್ವರಿ ಅದನ್ನು ತೋರಿಸಿದ್ದು ಬಾಲರಾಜ್‌ಗೆ. ಖಾಲಿ ತರಗತಿಯಲ್ಲಿ ಕೂತು ಅತ್ತಳು. ಏನು ತಪ್ಪಾಯಿತೋ ತಿಳಿಯಲಿಲ್ಲ, ಸುಷ್ಮಾ ಮೇಡಂ ಅಷ್ಟು ಭರವಸೆ ಕೊಟ್ಟಿದ್ದರು ಎಂದಳು. ಅವನು ಬೋರ್ಡಿನ ಕಡೆ ಮುಖ ಮಾಡಿ ನಿಂತಿದ್ದ. ಅವನು ಸುಮ್ಮನಿದ್ದಿದ್ದರೆ ನಡೆದದ್ದು ಅವಳಿಗೆ ಎಂದೂ ಗೊತ್ತಾಗುತ್ತಿರಲಿಲ್ಲವೇನೋ.

"ಮೇಡಂ ನನಗ ಫೋನ್ ಮಾಡಿದ್ರು," ಎಂದ. "ಹತ್ತು ದಿನ ಆತು. ಹುಡುಗಿ ತಯಾರಾಗ್ಯಾಳ ಏನು ಅಂತ ಕೇಳಿದ್ರು."

"ಏನಂದ್ರಿ?"

"ಇನ್ನೂ ಆಗಿಲ್ಲ, ಸ್ಲೋ ಅದಾರ, ಮೂರು ತಿಂಗಳು ಬೇಕು ಅಂದೆ."

ಅವಳು ಕಣ್ಣೊರೆಸುವುದನ್ನು ನಿಲ್ಲಿಸಿದಳು. "ಖರೇನ ಹಂಗ ಅನ್ಸಿತ್ತಾ?"

ಅವನು ತಿರುಗಿದ. ಮುಖ ಬಾಡಿತ್ತು. "ಇಲ್ಲ. ನೀವು ಹೋಗಬಾರದು ಅನ್ಸಿತ್ತು."

ಎಷ್ಟೋ ದಿನದಿಂದ ಅವಳು ಅವನ ಬಾಯಲ್ಲಿ ಕೇಳಬೇಕೆಂದಿದ್ದ ಮಾತು ಅದು. ಅದು ಹೀಗೆ, ಅವಳ ಕೆಲಸವನ್ನೇ ಕಿತ್ತುಕೊಂಡು ಬಂತು. ಅವಳು ಪುಸ್ತಕಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕಿದಳು.

"ಇರು ಅಂತ ಕೇಳಿದ್ರ ನಾನು ವಿಚಾರ ಮಾಡ್ತಿದ್ದೆ. ನೀವು ಕೇಳಲಿಲ್ಲ ಸಾರ್. ನನ್ನ ಪರವಾಗಿ ನೀವ ತೀರ್ಮಾನ ಮಾಡಿದ್ರಿ."

ಅಂದು ಮೆಟ್ಟಿಲನ್ನು ಅವಳು ಗೋಡೆ ಹಿಡಿದುಕೊಂಡು ಒಬ್ಬಳೇ ಇಳಿದಳು.

ಅದಾದ ಮೇಲೆ ಅವಳು ಸೆಂಟರಿಗೆ ಹೋಗಲಿಲ್ಲ, ಅವನ ಫೋನು ಎತ್ತಲಿಲ್ಲ. ಮನೆಯ ಮುಂದಿನ ಬೇವಿನ ನೆರಳಲ್ಲಿ ಮಂಚ ಹಾಕಿ, ಮೊಬೈಲಿನಲ್ಲಿ ಅಲಾರಂ ಇಟ್ಟು ಒಬ್ಬಳೇ ಓದಿದಳು. ಬಿಸಿಲಿಗೆ ಹಾಳೆಗಳು ಸೆಟೆದುಕೊಳ್ಳುತ್ತಿದ್ದವು. ಅವ್ವ ಉಚ್ಚಮ್ಮ ಮಜ್ಜಿಗೆ ತಂದಿಟ್ಟು, ಏನಾಯಿತೆಂದು ಕೇಳದೆ ಹೋಗುತ್ತಿದ್ದಳು. ಸಿಟ್ಟು ಓದಿಗೆ ಒಳ್ಳೆಯದೇ ಮಾಡಿತು. ವೇಗಕ್ಕೆ ಒಂದು ಉಪಾಯ ಅವಳಿಗೇ ಹೊಳೆಯಿತು: ಮೊದಲು ಫೈಲಿನ ಕೊನೆಯ ಪುಟ ಓದುವುದು. ರೋಗಿ ಮನೆಗೆ ಹೋದ ಎಂದು ತಿಳಿದ ಮೇಲೆ ಮನಸ್ಸು ತಣ್ಣಗಾಗಿ, ಉಳಿದದ್ದು ಸರಸರನೆ ಸಾಗುತ್ತಿತ್ತು. ಸತ್ತಿದ್ದರೆ ಮಾತ್ರ ಸ್ವಲ್ಪ ಹೊತ್ತು ಬೇವಿನ ಕಡೆ ನೋಡುತ್ತಿದ್ದಳು. ಈ ಉಪಾಯವನ್ನು ಬಾಲರಾಜ್‌ಗೆ ಹೇಳಬೇಕು ಎಂದು ದಿನಕ್ಕೊಮ್ಮೆಯಾದರೂ ಅನಿಸುತ್ತಿತ್ತು. ಅನಿಸಿದಾಗೆಲ್ಲ ಇನ್ನೊಂದು ಫೈಲು ತೆರೆಯುತ್ತಿದ್ದಳು.

ಮೇ ಕೊನೆಗೆ ಹೈದರಾಬಾದಿಗೆ ಹೋಗಿ ಪರೀಕ್ಷೆ ಬರೆದಳು. ಜೂನ್ ಮೊದಲ ವಾರ ಫಲಿತಾಂಶ ಬಂತು: ಪಾಸ್. ಅದನ್ನು ಸುಷ್ಮಾ ಮೇಡಂಗೆ ಕಳಿಸಿದ ಸಂಜೆಯೇ ಅವರು ಫೋನ್ ಮಾಡಿದರು. ಇನ್ಶೂರೆನ್ಸ್ ಕ್ಲೇಮು ನೋಡುವ ಕಡೆ ಎರಡು ವರ್ಷದ ಒಂದು ಕಾಂಟ್ರಾಕ್ಟ್ ಕೆಲಸವಿದೆ, ಆನ್‌ಲೈನ್‌ನಲ್ಲಿ ಐವತ್ತು ಫೈಲು ಮಾಡಿ ತೋರಿಸು ಎಂದರು. ಕೊನೆಗೆ ಒಂದು ಮಾತು ಸೇರಿಸಿದರು: ನಿಮ್ಮ ಮೇಷ್ಟರು ಮೇ ತಿಂಗಳಲ್ಲೇ ಫೋನ್ ಮಾಡಿ ತಾವು ಸುಳ್ಳು ಹೇಳಿದ್ದಾಗಿ ಒಪ್ಪಿಕೊಂಡರು. ಇನ್ನು ಆ ಸೆಂಟರಿನಿಂದ ಯಾರ ಹೆಸರನ್ನೂ ನಾನು ತೆಗೆದುಕೊಳ್ಳುವುದಿಲ್ಲ ಅಂದೆ. ಸರಿ ಮೇಡಂ, ಆದರೆ ಆಕೆಯ ಹೆಸರು ಬಿಡಬೇಡಿ ಅಂದರು.

ಮಲ್ಲೇಶ್ವರಿ ಐವತ್ತು ಫೈಲು ಮಾಡಿದಳು. ಎರಡು ತಪ್ಪು. ಕೆಲಸ ಸಿಕ್ಕಿತು. ಜೂನ್ ಇಪ್ಪತ್ತಕ್ಕೆ ಟಿಕೆಟ್ ಆಯಿತು.

ಹೊರಡುವ ಹಿಂದಿನ ದಿನ ಬೆಳಿಗ್ಗೆ ಬಾಲರಾಜ್ ಬೈಕಿನಲ್ಲಿ ಪೆದ್ದಹರಿವಾಣಕ್ಕೆ ಬಂದ. ಭೀಮಲಿಂಗಪ್ಪ ಹಟ್ಟಿಯಲ್ಲಿ ಒಂದು ಕುರಿಯ ಕಾಲಿನ ಗಾಯಕ್ಕೆ ಅರಿಶಿನ ಹಚ್ಚುತ್ತಿದ್ದ. ಒಳಗಿನಿಂದ ಮಲ್ಲೇಶ್ವರಿಗೆ ಎಲ್ಲ ಕೇಳುತ್ತಿತ್ತು. ಬಾಲರಾಜ್ ತನ್ನ ಹೆಸರು, ಊರು, ಕೆಲಸ ಹೇಳಿದ. ತಾನು ಮಾಡಿದ ತಪ್ಪನ್ನೂ ಮುಚ್ಚಿಡದೆ ಹೇಳಿದ. ಆಮೇಲೆ ನಿಮ್ಮ ಮಗಳನ್ನು ಮದುವೆಯಾಗುವ ಆಸೆಯಿದೆ, ನೀವು ಒಪ್ಪಬೇಕು ಎಂದ.

ಭೀಮಲಿಂಗಪ್ಪ ಕುರಿಯ ಕಾಲು ಬಿಟ್ಟು ಎದ್ದ.

"ಮತ್ತ ಅದ ತಪ್ಪನ್ನ ಮಾಡಾಕ ಹತ್ತೀಯಲ್ಲಪ್ಪಾ. ನನ್ನ ಯಾಕ ಕೇಳ್ತಿ? ಆಕಿನ್ನ ಕೇಳು."

ಬಾಲರಾಜ್ ತಲೆ ತಗ್ಗಿಸಿದ. ಭೀಮಲಿಂಗಪ್ಪ ಕುರಿಗಳನ್ನು ಹೊಡೆದುಕೊಂಡು ಹೊರಟೇ ಹೋದ. ಮಲ್ಲೇಶ್ವರಿ ಹೊರಗೆ ಬಂದು ಬಾಗಿಲ ಬಳಿ ನಿಂತಳು. ಐವತ್ತು ದಿನದಲ್ಲಿ ಅವನು ಇಳಿದು ಹೋಗಿದ್ದ. ಅಂಗಿಯ ತೋಳಿನ ಮೇಲೆ ಒಂದು ಹತ್ತಿಯ ಎಳೆ ಅಂಟಿತ್ತು. ಅದನ್ನು ತೆಗೆಯಬೇಕೆನಿಸಿದ ಕೈಯನ್ನು ಅವಳು ಸೆರಗಿನಲ್ಲಿ ಸುತ್ತಿಕೊಂಡಳು.

"ಕೇಳ್ರಿ," ಎಂದಳು.

"ನನ್ನ ಮದುವಿ ಆಗ್ತೀರಾ?"

"ನಾಳೆ ಹೊಂಟೀನಿ. ಎರಡು ವರ್ಷ."

"ಗೊತ್ತೈತಿ. ಕಾಯ್ತೀನಿ."

"ಅದನ್ನ ಎಲ್ಲಾರೂ ಹೇಳ್ತಾರ. ಖರೇ ಮಾತು ಯಾವುದಾರ ಇದ್ರ ಅದನ್ನ ಹೇಳ್ರಿ."

ಅವನು ಉಸಿರೆಳೆದುಕೊಂಡ. "ನೀವು ಹೋಗೋದು ನನಗ ಬಿಲ್ಕುಲ್ ಇಷ್ಟ ಇಲ್ಲ."

"ಇದನ್ನ ಆವತ್ತ ನನ್ನ ಮುಂದ ಹೇಳಬೇಕಿತ್ತು."

"ಹೇಳಿದ್ರ ಇರ್ತಿದ್ರಾ?"

ಮಲ್ಲೇಶ್ವರಿ ಯೋಚಿಸಿದಳು. ಅವನಿಗೆ ಹಿತವಾಗಲೆಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ.

"ಇರ್ತಿದ್ದಿಲ್ಲ. ಹೋಗ್ತಿದ್ದೆ. ಆದ್ರ ದಾರಿ ತುಂಬ ಅಳ್ತಾ ಹೋಗ್ತಿದ್ದೆ."

ಅವನ ಕಣ್ಣುಗಳು ತುಂಬಿದ್ದವು, ಒರೆಸಿಕೊಳ್ಳಲಿಲ್ಲ. ಮಲ್ಲೇಶ್ವರಿಯ ಸಿಟ್ಟು ಪೂರ್ತಿ ಹೋಗಿರಲಿಲ್ಲ; ಹೋಗಲು ಇನ್ನೂ ದಿನ ಬೇಕು ಎಂದು ಅವಳಿಗೆ ಗೊತ್ತಿತ್ತು. ಆದರೆ ಅವನನ್ನು ಹೀಗೇ ಬೈಕ್ ಹತ್ತಿಸಿ ಕಳಿಸಲು ಮನಸ್ಸು ಒಪ್ಪಲಿಲ್ಲ.

"ದಿನಾ ಫೋನ್ ಮಾಡ್ರಿ," ಎಂದಳು. "ಎತ್ತತೀನಿ. ಎರಡು ವರ್ಷ ನನಗ ಒಂದೂ ಸುಳ್ಳು ಹೇಳದ ಇದ್ರ, ಬಂದು ಮದುವಿ ಆಗ್ತೀನಿ."

ಆಮೇಲೆ ಒಳಗೆ ತಿರುಗಿ, ಸಾರ್ ಉಂಡು ಹೋಗುತ್ತಾರೆ, ಇನ್ನೆರಡು ರೊಟ್ಟಿ ತಟ್ಟು ಎಂದು ಅವ್ವನಿಗೆ ಹೇಳಿದಳು. ಉಚ್ಚಮ್ಮ ಒಲೆಯ ಮುಂದಿನಿಂದಲೇ ಕೇಳಿದಳು, ಇನ್ನೂ ಸಾರ್ ಏನೇ ಎಂದು.

ಮಲ್ಲೇಶ್ವರಿ ಅವನ ಕಡೆ ನೋಡಿದಳು.

"ಬಾಲರಾಜ್," ಎಂದಳು ಮೆಲ್ಲಗೆ, "ಕೈಕಾಲು ತೊಳ್ಕೊಂಡು ಬಾ."