ಕರುವಿನ ಪಾಲು

ತಾಯಿ ಮಾಯಮ್ಮನ ಹೆಣ ಅಂಗಳದಲ್ಲಿರುವಾಗಲೇ ರಘುನಂದನ್ ಬಕೆಟ್ ಹಿಡಿದು ಕೊಟ್ಟಿಗೆಗೆ ಹೋದ. ಸಂಜೆ ಹಾಲಿನ ಹೊತ್ತು. ಹೆಂಗಸರು ಮಾಯಮ್ಮನ ಗುಣಗಳನ್ನು ಹಾಡಿಕೊಂಡು ಅಳುತ್ತಿದ್ದರು. ಆ ಅಳುವಿನ ನಡುವೆ ಬಕೆಟ್ಟಿಗೆ ಹಾಲು ಬೀಳುವ ಸದ್ದು ನಮ್ಮಪ್ಪನ ಕಿವಿಗೆ ಬಿತ್ತು. ಅವನ ಜೊತೆಗಿನ ನನ್ನ ಮದುವೆಯ ಮಾತು ಅಲ್ಲಿಗೇ ಅರ್ಧ ಮುರಿಯಿತು.

"ಹೆತ್ತೋಳ್ಗೆ ಒಂದು ಹನಿ ಕಣ್ಣೀರಿಲ್ಲ. ನಾಳೆ ನಿಂಗೇನಾದ್ರೂ ಆದ್ರೆ ಏನ್ ಮಾಡಾನು? ಆಗ್ಲೂ ಹಾಲು ಕರ್ಯಕ್ಕೆ ಹೋಯ್ತಾನಾ?" ಎಂದರು ಅಪ್ಪ, ದಾರಿಯಲ್ಲಿ.

ಹೋಗುತ್ತಾನೆ ಎಂದು ನನಗೆ ಗೊತ್ತಿತ್ತು.

ಮೂರು ವರ್ಷದಿಂದ ನಾನು ಪ್ರೀತಿಸಿದ್ದು ಈ ಮನುಷ್ಯನನ್ನೇ. ಹೊಸ ಸೀರೆ ಉಟ್ಟು "ಹೆಂಗದೆ?" ಎಂದರೆ, "ಸೆರಗು ಚಕ್ರಕ್ಕೆ ಸಿಕ್ಕೊತದೆ, ಎತ್ಕೊ" ಅನ್ನುವವನು. ಆಮೇಲೆ ದೇವಲಾಪುರದವರೆಗೂ ಬೈಕಿನ ಕನ್ನಡಿಯಲ್ಲಿ ನನ್ನನ್ನೇ ನೋಡುತ್ತಿದ್ದ.

"ರೋಡ್ ನೋಡು ರಘು."

"ನೋಡ್ತಾವ್ನಿ."

ಆ ಕನ್ನಡಿಯೊಳಗಿನ ಕಣ್ಣು ನನ್ನೊಬ್ಬಳಿಗೆ ಗೊತ್ತು. ಅದನ್ನು ಅಪ್ಪನಿಗೆ ಹೇಗೆ ತೋರಿಸಲಿ?

ಮಾರನೆಯ ದಿನ ಅವನ ಕೊಟ್ಟಿಗೆಗೆ ಹೋದೆ. ಅವರ ಹಸು ಕೆಂಪಿ ತನ್ನ ಕರುವನ್ನು ಹತ್ತಿರ ಸೇರಿಸುವುದಿಲ್ಲ, ಒದೆಯುತ್ತದೆ. ಮಾಯಮ್ಮ ದಿನವೂ ಅರ್ಧ ಚೆಂಬು ಹಾಲು ತೆಗೆದಿಟ್ಟು, ಬೆರಳು ಚೀಪಿಸಿ ಆ ಕರುವಿಗೆ ಕುಡಿಸುತ್ತಿದ್ದರು. ಈಗ ರಘು ಅದೇ ಜಾಗದಲ್ಲಿ, ಅದೇ ಚೆಂಬು ಹಿಡಿದು ಕೂತಿದ್ದ.

"ನಾಳೆ ಹಾಲು-ತುಪ್ಪಕ್ಕೆ ಅಪ್ಪ ಬತ್ತಾರೆ. ಒಂದ್ಸಲ ಅತ್ತುಬುಡು ರಘು."

"ಅಳು ಬರ್ದೆ ಹೋದ್ರೆ?"

"ಟವಲ್ಲಲ್ಲಿ ಕಣ್ಣಾದ್ರೂ ಒರೆಸ್ಕೊ. ಯಾರ್ ಬಗ್ಗಿ ನೋಡ್ತಾರೆ?"

ಅವನು ಕರುವಿನ ಬಾಯಿಂದ ಬೆರಳು ತೆಗೆದ. "ಅವ್ವನ ಮುಂದೆ ನಾಟ್ಕ ಆಡ್ಲಾ?"

ಕೋಪದಿಂದ ಕೇಳಿದ್ದರೆ ನಾನೂ ಕೂಗಾಡುತ್ತಿದ್ದೆ. ಅವನು ನಿಜವಾಗಿಯೂ ಕೇಳುತ್ತಿದ್ದ.

ಮೂರನೆಯ ದಿನ ಹೊಲದ ಬದುವಿನಲ್ಲಿ ಮಾಯಮ್ಮನ ಮಣ್ಣಿನ ಮೇಲೆ ಎಲ್ಲರೂ ಹಾಲು-ತುಪ್ಪ ಬಿಟ್ಟರು. ಕೊನೆಗೆ ರಘು ಚೆಂಬು ಬಗ್ಗಿಸಿದ. ಅಪ್ಪ ಅವನ ಮುಖವನ್ನೇ ನೋಡುತ್ತಿದ್ದರು. ನಾನೂ ನೋಡುತ್ತಿದ್ದೆ, ದೇವರೇ ಒಂದು ಹನಿ ಸಾಕು ಎಂದುಕೊಂಡು. ಅರ್ಧ ಹಾಲು ಬಿದ್ದ ಮೇಲೆ ಅವನ ಕೈ ನಿಂತಿತು.

"ಪೂರಾ ಬುಡ್ಲಾ," ಎಂದರು ಅವನ ದೊಡ್ಡಪ್ಪ ಚಿಕ್ಕಸ್ವಾಮಿ. "ಹೆತ್ತವ್ವಂಗೂ ಕೊಡ್ದೆ ಉಳಿಸ್ಕೊಂಡೀಯಾ?"

"ಇದು ಕರುಗೆ," ಎಂದ ರಘು. ಕಣ್ಣು ಒಣಗಿಯೇ ಇತ್ತು.

ಅಪ್ಪ ಟವಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟರು. ಆ ಅರ್ಧ ಚೆಂಬಿನಲ್ಲಿ ಏನಿತ್ತು ಅಂತ ಅಲ್ಲಿದ್ದ ಅಷ್ಟು ಜನದಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ಮಾಯಮ್ಮ ದಿನವೂ ಕರುವಿಗೆ ತೆಗೆದಿಡುತ್ತಿದ್ದ ಪಾಲು ಅದು ಅಂತ ಮನೆಯಲ್ಲಿ ಹೇಳಿದೆ. "ಕರು ಕಥೆ ಹೇಳ್ಬ್ಯಾಡ ಕಣವ್ವ" ಎಂದರು ಅಪ್ಪ.

ನಾನು ನಾಗಮಂಗಲದ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಆ ವಾರ ಬಿ.ಎ. ಮಕ್ಕಳಿಗೆ ಪಾಠವಿದ್ದದ್ದು ಒಂದು ಅನುವಾದಿತ ಕಾದಂಬರಿ. ಲೋಕಕ್ಕೆ ಅರ್ಥವೇ ಇಲ್ಲ, ಇದೆ ಅಂತ ಸುಳ್ಳು ಹೇಳಲಾರೆ ಅನ್ನುವ ನಾಯಕ. ತಾಯಿ ಸತ್ತಾಗ ದುಃಖ ತೋರಿಸಲಿಲ್ಲ ಅಂತಲೇ ಜನ ಅವನನ್ನು ತಪ್ಪಿತಸ್ಥ ಮಾಡುತ್ತಾರೆ.

"ಅವ್ನು ಕಲ್ಲು ಮೇಡಂ," ಎಂದಳು ಮುಂದಿನ ಬೆಂಚಿನ ಅನು.

"ಕಲ್ಲಲ್ಲಮ್ಮ. ನಟಿಸೋಕೆ ಬಾರದವನು."

"ಅಂಥೋರ್ನ ಮದ್ವೆ ಆಗೋಕಾಗುತ್ತಾ ಮೇಡಂ?"

ಕ್ಲಾಸೆಲ್ಲ ನಕ್ಕಿತು. ನಾನು ತಿರುಗಿ, ಏನೂ ಬರೆದಿರದ ಬೋರ್ಡನ್ನು ಒರೆಸಿದೆ.

ಪಾಂಡವಪುರದ ಗಂಡಿನ ಕಡೆಯವರು ಭಾನುವಾರ ನೋಡಲು ಬರುತ್ತಾರೆ ಎಂದರು ಅಪ್ಪ. ಬೈದಿದ್ದರೆ ಜಗಳವಾಡುತ್ತಿದ್ದೆ. ಅಪ್ಪ ನನ್ನ ಕೈ ಹಿಡಿದು ಗೊಳೋ ಎಂದು ಅತ್ತರು. ಅಳುವವರ ಮುಂದೆ ನನ್ನ ಮಾತು ಯಾವತ್ತೂ ನಡೆದಿಲ್ಲ. ಹೂಂ ಅಂದುಬಿಟ್ಟೆ.

ಶನಿವಾರ ದೇವಲಾಪುರದ ಬಸ್ ಸ್ಟಾಪಿನಲ್ಲಿ ರಘುವಿಗೆ ಅದನ್ನೆಲ್ಲ ಹೇಳಿದೆ. ಅವನು ಬೈಕಿಗೆ ಒರಗಿ ಕೇಳಿಸಿಕೊಂಡ.

"ಹೋಗ್ಬ್ಯಾಡ ಅನ್ನು. ಒಂದ್ ಮಾತು ಸಾಕು. ಬಸ್ ಹತ್ತಲ್ಲ," ಎಂದೆ.

"ಬ್ಯಾಡ ಅಂದ್ರೆ ನೀನು ನಿಂತ್ಕೊತೀಯ. ಆಮೇಲೆ ದಿನಾ ನನ್ ಮಕ ನೋಡ್ತೀಯ, ಇವತ್ತಾದ್ರೂ ಏನಾದ್ರೂ ಕಾಣ್ತದಾ ಅಂತ. ಏನೂ ಕಾಣಲ್ಲ ಕಣಮ್ಮಿ."

"ನಂಗೆ ಕಾಣ್ತದೆ."

"ಈಗ ಕಾಣ್ತದೆ."

ಬಸ್ಸು ಬಂತು. ನನ್ನ ಸೆರಗು ಬಾಗಿಲಿಗೆ ಸಿಕ್ಕದಂತೆ ಅವನೇ ಎತ್ತಿ ನನ್ನ ಕೈಗೆ ಕೊಟ್ಟ. ಕಿಟಕಿಯ ಹತ್ತಿರ ಬಂದು, ನನ್ನನ್ನು ನೋಡದೆ, ಹೇಳಿದ.

"ನಾಳೆನೂ ಹಾಲು ಕರೀತೀನಿ. ಉಣ್ತೀನಿ. ಇವ್ನಿಗೇನೂ ಆಗ್ನಿಲ್ಲ ಅಂತಾರೆ ಜನ. ನೀನೊಬ್ಳು ಅಂಗನ್ಬ್ಯಾಡ ಶ್ವೇತ."

ಕಂಡಕ್ಟರ್ ಸೀಟಿ ಊದಿದ. ರಘು ಬೈಕಿನ ಪಕ್ಕ ನಿಂತೇ ಇದ್ದ, ಕೈ ಸಹ ಎತ್ತಲಿಲ್ಲ. ನಾಗಮಂಗಲ ಬರುವವರೆಗೂ ನಾನು ಅತ್ತೆ, ಅವನ ಪಾಲಿನದನ್ನೂ ಸೇರಿಸಿ.